ಬಸುರಿ ಮುರು

ಗುರುವಾರ ಸಂಜೆಯಾಯಿತೆಂದರೆ ಕತಾರಿನ ನಜ್ಮಾ ಬಡಾವಣೆಯ ಆ ಓಣಿಯಲ್ಲಿ ಯಜ್ಞೇಶನನ್ನು ಕಂಡವರೆಲ್ಲ ಕೇಳುವುದು ಒಂದೇ ಮಾತು. "ಯಜ್ಞೇಶಣ್ಣ, ನಾಳೆ ಕಡಲಿಗೆ ಉಂಟಾ?"

ವಾರವಿಡೀ ಯಜ್ಞೇಶನಿಗೆ ಹಮದ್ ಬಂದರಿನಲ್ಲಿ ಕೆಲಸ. ಹಡಗಿನ ಮೇಲೆ ಕಂಟೇನರ್ ಬಿಗಿದು ಕಟ್ಟುವ ತಂಡಕ್ಕೆ ಅವನು ಫೋರ್‌ಮನ್. ಆದರೆ ಶುಕ್ರವಾರ ಬಂತೆಂದರೆ ಅವನು ಬೇರೆಯೇ ಮನುಷ್ಯ. ಊರು ಹೆಜಮಾಡಿ, ಮೊಗವೀರರ ಮನೆ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕಡಲಿಗೆ ಹೋದವರೇ. ಗಾಳ ಕೈಗೆ ಬಂದರೆ ನೀರಿನ ಕೆಳಗೆ ಏನು ನಡೆಯುತ್ತಿದೆ ಎಂದು ಬೆರಳ ತುದಿಯಲ್ಲೇ ಹೇಳಬಲ್ಲ.

ಅದು ಏಪ್ರಿಲ್ ತಿಂಗಳು. ಹೊಸ ವರ್ಷದ ಬಿಸು ಹಬ್ಬ ಕಳೆದು ನಾಲ್ಕು ದಿನ ಆಗಿತ್ತು. ಶುಕ್ರವಾರ ರಾತ್ರಿ ತುಳುವರ ಒಂದು ಸಣ್ಣ ಕೂಟ, ನಲವತ್ತು ಜನರ ಊಟ. ಯಜ್ಞೇಶ ಎಲ್ಲರೆದುರು ಮಾತು ಕೊಟ್ಟಿದ್ದ. "ಮುರು ಮೀನಿನ ಹುಳಿಖಾರದ ಪುಳಿಮುಂಚಿ ನನ್ನ ಲೆಕ್ಕ. ಅಂಗಡಿದ್ದಲ್ಲ, ನಾನೇ ಹಿಡಿದದ್ದು!"

ನಾವು ಮುರು ಎನ್ನುವ ಮೀನಿಗೇ ಇಲ್ಲಿಯವರು ಹಮ್ಮೂರ್ ಎನ್ನುತ್ತಾರೆ. ಕಂದು ಮೈ, ಮೈತುಂಬ ಕಿತ್ತಳೆ ಚುಕ್ಕೆ, ಅಗಲ ಬಾಯಿ. ಕಲ್ಲಿನ ಸಂದಿಯಲ್ಲಿ ಇರುವ ಮೀನು.

"ಮೊಟ್ಟೆ ಇದ್ದರೆ ಬಿಸಾಡಬೇಡಿ ಆಯ್ತಾ?" ಎಂದಳು ಹೆಂಡತಿ ಅಮಿತಾ, ಮಸಾಲೆಗೆ ಮೆಣಸು ಹುರಿಯುತ್ತಾ. "ನನಗೆ ಬೇರೆ ತೆಗೆದಿಡಿ. ಹುರಿದು ತಿಂದು ಎಷ್ಟು ಸಮಯ ಆಯ್ತು."

ಅದೇ ಹೊತ್ತಿಗೆ ಮೇಲಿನ ಮನೆಯ ಥಿಯೋಡೋರ್ ಬಾಗಿಲು ತಟ್ಟಿದ. ಶಿರ್ವದ ಕಡೆಯವನು. ಮೀನಿನ ಮರಿ ಬೆಳೆಸುವ ಒಂದು ಕೇಂದ್ರದಲ್ಲಿ ಟೆಕ್ನಿಶಿಯನ್. ಹತ್ತು ವರ್ಷದಿಂದ ಮೀನಿನ ಜೊತೆಗೇ ಬದುಕಿದರೂ ಅದೆಲ್ಲ ತೊಟ್ಟಿಯ ಮೀನು. ಕಡಲಿಗೆ ಹೋದರೆ ತಲೆ ತಿರುಗುತ್ತದೆ.

"ಯಜ್ಞೇಶಣ್ಣ, ನಾಳೆ ನೀವು ಹೋಗುವ ಬೋಟಿನಲ್ಲಿ ನನಗೊಂದು ಜಾಗ ಉಂಟಾ?"

"ನಿಮಗಾ? ಅಲ್ ವಕ್ರಾ ದಕ್ಕೆಯಲ್ಲಿ ದೋಣಿ ಹತ್ತುವ ಮೊದಲೇ ವಾಂತಿ ಮಾಡಿದವರು ನೀವು ಮಾರಾಯ್ರೆ!"

ಥಿಯೋಡೋರ್ ನಗಲಿಲ್ಲ. "ಇದು ಹಮ್ಮೂರ್ ಮೊಟ್ಟೆ ಇಡುವ ಸಮಯ. ನೀವು ಹಿಡಿಯುವ ಜಾಗ ಅವು ಬಂದು ಸೇರುವ ಜಾಗ ಅಂತ ನನಗೆ ಸಂಶಯ. ಈ ಎರಡು ತಿಂಗಳು ಅದನ್ನು ಬಿಟ್ಟುಬಿಡಿ ಅಂತ ಹೇಳಲಿಕ್ಕೆ ಬಂದೆ. ಹೇಳಿದರೆ ಕೇಳುವವರಲ್ಲ ನೀವು. ಅದಕ್ಕೆ ನಾನೇ ಬರುತ್ತೇನೆ."

"ನಾಲ್ಕು ಮೀನು ಹಿಡಿದರೆ ಕಡಲು ಖಾಲಿ ಆಗ್ತದಾ?"

"ಮತ್ತೊಂದು. ನಾಳೆ ಸಂಜೆಗೆ ಗಾಳಿಮಳೆ ಅಂತ ಫೋನಿನಲ್ಲಿ ತೋರಿಸ್ತಾ ಉಂಟು."

"ಸಂಜೆಗಲ್ವಾ? ನಾವು ಮಧ್ಯಾಹ್ನಕ್ಕೇ ವಾಪಸು. ಕಡಲನ್ನು ನಾನು ಫೋನಿನಲ್ಲಿ ನೋಡುವುದಲ್ಲ."

ಮರುದಿನ ಸೂರ್ಯ ಮೂಡುವಾಗ ಅಲ್ ವಕ್ರಾದಿಂದ ಫೈಬರ್ ದೋಣಿ ಹೊರಟಿತು. ದೋಣಿ ನಡೆಸುವವನು ಕನ್ಯಾಕುಮಾರಿಯ ಸ್ಯಾಮ್ಯುಯೆಲ್. ಮಾತು ಕಡಿಮೆ, ಆಡಿದರೆ ಅರ್ಧ ಹಿಂದಿ, ಅರ್ಧ ಮಲಯಾಳ. ಯಜ್ಞೇಶನ ಜೊತೆ ಅವನ ಕಂಪೆನಿಯ ಗುಮಾಸ್ತ ಲಾಯ್ಡ್ ಇದ್ದ. ಮೂಲೆಯಲ್ಲಿ ಥಿಯೋಡೋರ್. ಅವನ ಕಾಲ ಬಳಿ ತರಕಾರಿ ತುಂಬುವ ಒಂದು ಪ್ಲಾಸ್ಟಿಕ್ ಕ್ರೇಟು. ಬಾಯಿಯ ನಾಲ್ಕು ಮೂಲೆಗೂ ಸೀಸದ ತೂಕ ಕಟ್ಟಿ, ತಳದ ನಡುವಿನಿಂದ ಉದ್ದದ ಹಗ್ಗ ಬಿಟ್ಟಿದ್ದ.

"ಸಂತೆಗೆ ಹೊರಟದ್ದಾ?" ಎಂದು ಲಾಯ್ಡ್ ನಕ್ಕ.

"ಬೇಕಾದರೆ ಬೇಕು" ಎಂದಷ್ಟೇ ಹೇಳಿ ಥಿಯೋಡೋರ್ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದುಕೊಂಡ. ಸ್ಯಾಮ್ಯುಯೆಲ್ ಎಲ್ಲರಿಗೂ ಒಂದೊಂದು ಜಾಕೆಟ್ ಕೊಟ್ಟಿದ್ದ. ಯಜ್ಞೇಶ ತನ್ನದನ್ನು ಮಡಚಿ ಅದರ ಮೇಲೆಯೇ ಕುಳಿತಿದ್ದ.

ಜಾಗ ತಲುಪುವಾಗ ಎಂಟು ಗಂಟೆ. ಹತ್ತು ಮಾರು ಆಳದಲ್ಲಿ ಒಂದು ಕಲ್ಲಿನ ದಿಬ್ಬ. ಮೂರು ವರ್ಷದ ಹಿಂದೆ ಯಜ್ಞೇಶನೇ ಹುಡುಕಿದ್ದು. ಯಾರಿಗೂ ಹೇಳಿರಲಿಲ್ಲ. ಲಂಗರು ಬಿಟ್ಟು, ಗಾಳಕ್ಕೆ ಎರೆಯಾಗಿ ಬೊಂಡಾಸ್ ಮೀನಿನ ತುಂಡು ಸಿಕ್ಕಿಸಿ ಇಳಿಸಿದರು.

ಒಂದು ಗಂಟೆ ಕಳೆಯಿತು. ಎರಡು ಗಂಟೆ ಕಳೆಯಿತು. ಸಣ್ಣಪುಟ್ಟ ಮೀನು ಬೊಂಡಾಸ್ ಕಚ್ಚಿ ಓಡುತ್ತಿತ್ತೇ ಹೊರತು ಬೇರೇನಿಲ್ಲ. ಯಜ್ಞೇಶನ ಮುಖ ಬಿಗಿಯಿತು. ನಲವತ್ತು ಜನ. ಎಲ್ಲರೆದುರು ಕೊಟ್ಟ ಮಾತು.

ಹತ್ತೂವರೆಗೆ ದಾರ ಜಗ್ಗಿತು. ಯಜ್ಞೇಶ ಎದ್ದು ನಿಂತು ಎಳೆದ. ಮೇಲೆ ಬಂದದ್ದು ಮೂರು ಕಿಲೋದ ಮುರು. ಲಾಯ್ಡ್ ಸೀಟಿ ಹೊಡೆದ. ಥಿಯೋಡೋರ್ ಬಾಯಿ ತೆರೆಯುವ ಮೊದಲೇ ಯಜ್ಞೇಶ ಮರದ ಕೊಡತಿಯಿಂದ ತಲೆಗೆ ಒಂದೇಟು ಹೊಡೆದು, ಹೊಟ್ಟೆ ಸೀಳಿದ.

ಹಲಗೆಯ ಮೇಲೆ ಮೊಟ್ಟೆ ಹರಿಯಿತು. ಚಿರೋಟಿ ರವೆಯಂತೆ ಸಣ್ಣ ಸಣ್ಣ ಕಾಳು, ನೀರಿನಂತೆ ತೆಳ್ಳಗೆ. ಹುರಿಯಲು ತೆಗೆದಿಡುವ ಗಟ್ಟಿ ಗಂಟಲ್ಲ, ಇಂದೋ ನಾಳೆಯೋ ಹೊರಬೀಳಲಿಕ್ಕಿದ್ದ ಮೊಟ್ಟೆ. ಅವನ ಬೆರಳ ಸಂದಿಯಿಂದ ಇಳಿದು ದೋಣಿಯ ತಳಕ್ಕೆ ಹೋಯಿತು.

"ನೋಡಿದಿರಾ?" ಥಿಯೋಡೋರನ ಮುಖ ಬಿಳಿಚಿತ್ತು. ತಲೆಸುತ್ತು ಆಗಲೇ ಶುರುವಾಗಿತ್ತು. "ಎಷ್ಟು ಲಕ್ಷ ಮೊಟ್ಟೆಯೋ ಏನೋ. ಬದುಕುವುದು ಬೆರಳೆಣಿಕೆಯಷ್ಟು. ಅದಕ್ಕೇ ಅದು ಅಷ್ಟು ಇಡುವುದು."

"ನಾವು ಬಿಟ್ಟರೆ ಬೇರೆಯವರು ಹಿಡೀತಾರೆ. ಅವರಿಗೆ ಯಾರು ಹೇಳ್ತಾರೆ?" ಎಂದ ಲಾಯ್ಡ್.

"ಹಿಡಿಯಬಹುದು. ಆದರೆ ಈಗ ಗಾಳ ಯಾರ ಕೈಯಲ್ಲಿ ಉಂಟು?"

ಯಜ್ಞೇಶನಿಗೆ ಸಿಟ್ಟು ಬಂತು. "ತೊಟ್ಟಿಯಲ್ಲಿ ಮೀನು ಸಾಕುವವರು ಕಡಲಿನವರಿಗೆ ಪಾಠ ಹೇಳುವುದು ಬೇಡ. ನಮ್ಮ ಮನೆಯಲ್ಲಿ ಏಳು ತಲೆಮಾರು ಇದೇ ಕೆಲಸ."

"ಹಾಗಾದರೆ ನೀವೇ ಹೇಳಿ ಯಜ್ಞೇಶಣ್ಣ. ಮಳೆಗಾಲದಲ್ಲಿ ಊರಲ್ಲಿ ಬೋಟು ಕಟ್ಟಿ ಹಾಕುವುದು ಯಾಕೆ?"

"ಗಾಳಿಮಳೆಗೆ."

"ಗಾಳಿಮಳೆಗೆ ಮಾತ್ರವಾ?"

ಯಜ್ಞೇಶ ಗಾಳಕ್ಕೆ ಹೊಸ ಬೊಂಡಾಸ್ ಸಿಕ್ಕಿಸಿ ಎಸೆದ. ಅಪ್ಪ ಹೇಳುತ್ತಿದ್ದ ಮಾತು ಅವನಿಗೆ ಗೊತ್ತಿತ್ತು. ಕಡಲು ಹೆರುವ ತಿಂಗಳಿನಲ್ಲಿ ಬಲೆ ತೋರಿಸಬಾರದು ಎನ್ನುತ್ತಿದ್ದರು ಅಪ್ಪ.

ಸ್ವಲ್ಪ ಹೊತ್ತಾದ ಮೇಲೆ ಥಿಯೋಡೋರ್ ದೋಣಿಯ ಅಂಚಿಗೆ ಒರಗಿಕೊಂಡೇ ಕೇಳಿದ. "ಈ ಜಾಗ ಸಿಕ್ಕಿದ ಮೊದಲ ವರ್ಷ, ಬಿಸುವಿನ ಹೊತ್ತಿಗೆ, ಒಂದು ದಿನಕ್ಕೆ ಎಷ್ಟು ಮುರು ಸಿಕ್ಕಿತ್ತು?"

"ಹನ್ನೊಂದು" ಎಂದ ಯಜ್ಞೇಶ. ಆ ದಿನದ ಹೆಮ್ಮೆ ಇನ್ನೂ ಇತ್ತು ಧ್ವನಿಯಲ್ಲಿ.

"ಮರುವರ್ಷ?"

"ಏಳು."

"ಕಳೆದ ವರ್ಷ?"

"ನಾಲ್ಕು. ಅದು... ಗಾಳಿ ಸರಿ ಇರಲಿಲ್ಲ."

ಥಿಯೋಡೋರ್ ಅಂಚಿನಿಂದ ಹೊರಕ್ಕೆ ಬಾಗಿ ವಾಂತಿ ಮಾಡಿಕೊಂಡ. ಯಜ್ಞೇಶ ನೀರನ್ನೇ ನೋಡುತ್ತಾ ನಿಂತ. ಈ ಲೆಕ್ಕ ಅವನು ಮನಸ್ಸಿನಲ್ಲಿ ಯಾವತ್ತೂ ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ಊರಿನಲ್ಲಿ ಬೂತಾಯಿ ಮೀನು ಕಾಣೆಯಾಗಿ ಎರಡು ವರ್ಷ ಅಣ್ಣನ ದೋಣಿ ಮರಳ ಮೇಲೆ ಕವುಚಿಯೇ ಬಿದ್ದಿತ್ತು. ಮನೆಯ ಕಿರಿಯ ಮಗನಾದ ಅವನು ಕತಾರಿನ ವಿಮಾನ ಹತ್ತಿದ್ದು ಆಗಲೇ. ಆ ಕಡಲನ್ನು ಬರಿದು ಮಾಡಿದವರನ್ನು ಅವನು ಎಷ್ಟು ಬೈದಿರಲಿಲ್ಲ!

ಹನ್ನೆರಡಕ್ಕೆ ಸ್ಯಾಮ್ಯುಯೆಲ್ ಎದ್ದು ನಿಂತ. ನೈಋತ್ಯದ ಕಡೆ ದಿಗಂತ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಕಪ್ಪು ಮೋಡ. ವಸಂತದಲ್ಲಿ ಹೇಳದೆ ಕೇಳದೆ ಬರುವ ಇಂಥ ಗಾಳಿಮಳೆಗೆ ಇಲ್ಲಿಯವರು ಸರಾಯತ್ ಎನ್ನುತ್ತಾರೆ. ಸಂಜೆಗೆ ಬರಬೇಕಾದದ್ದು ಮಧ್ಯಾಹ್ನವೇ ಹೊರಟಿತ್ತು.

"ಖಲಾಸ್. ಗಾಳ ಎತ್ತಿ. ಯಲ್ಲಾ!" ಎಂದ ಸ್ಯಾಮ್ಯುಯೆಲ್.

"ಹತ್ತೇ ನಿಮಿಷ" ಎಂದ ಯಜ್ಞೇಶ. ಅವನ ಮಾತು ಮುಗಿಯುವ ಮೊದಲೇ ಅವನ ಗಾಳ ಬಾಗಿತು.

ಈ ಸಲ ಬಿದ್ದದ್ದು ಸಣ್ಣದಲ್ಲ. ದಾರ ಕೈಯನ್ನು ಕೊಯ್ಯುವಂತೆ ಓಡಿತು. ಮೀನು ಕಲ್ಲಿನ ಸಂದಿಗೆ ನುಗ್ಗಲು ನೋಡಿತು. ಯಜ್ಞೇಶ ಬಿಡಲಿಲ್ಲ. ಬೆವರು ಕಣ್ಣಿಗೆ ಇಳಿಯಿತು. ಲಾಯ್ಡ್ ಕೈಬಲೆ ಹಿಡಿದು ಬಾಗಿದ. ಇಬ್ಬರೂ ಸೇರಿ ಒಳಗೆ ಎತ್ತಿ ಹಾಕಿದಾಗ ದೋಣಿಯೇ ಅಲುಗಾಡಿತು. ಆರು ಕಿಲೋ ಮೇಲಿರಬೇಕು.

"ಆಯ್ತಣ್ಣ! ನಲವತ್ತು ಜನಕ್ಕೂ ಆಯ್ತು!" ಎಂದು ಲಾಯ್ಡ್ ಕೂಗಿದ.

ಮೀನನ್ನು ನೀರಿನ ಟಬ್ಬಿಗೆ ಇಳಿಸಿದರು. ಅದು ಮುಳುಗಲಿಲ್ಲ. ಆಳದಿಂದ ಒಮ್ಮೆಗೇ ಎಳೆದದ್ದರಿಂದ ಒಳಗಿನ ಗಾಳಿ ಉಬ್ಬಿ, ಹೊಟ್ಟೆಯ ಚೀಲವನ್ನು ಬಾಯಿಯಿಂದ ಹೊರಕ್ಕೆ ತಳ್ಳಿತ್ತು. ಮಗುಚಿ ಬಿದ್ದು ಕಿವಿರು ಆಡಿಸುತ್ತಿತ್ತು. ಬಸುರಿ ಮೀನು. ಹೊಟ್ಟೆಯ ಕೆಳಗಿನಿಂದ ಅದೇ ರವೆಯಂಥ ಮೊಟ್ಟೆ ತೊಟ್ಟಿಕ್ಕಿ ಟಬ್ಬಿನ ನೀರು ಮಸುಕಾಯಿತು.

ಯಜ್ಞೇಶ ಕೊಡತಿ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

ಹನ್ನೊಂದು. ಏಳು. ನಾಲ್ಕು. ಈ ವರ್ಷ ಎರಡು. ಒಂದು ಆಗಲೇ ಸತ್ತಿದೆ. ಮುಂದಿನ ಬಿಸುವಿಗೆ?

"ಎಂತ ನೋಡ್ತೀರಿ ಅಣ್ಣ? ಹೊಡೀರಿ, ಮಳೆ ಬಂತು!" ಲಾಯ್ಡ್ ಹೇಳಿದ.

"ಥಿಯೋಡೋರ್!" ಯಜ್ಞೇಶ ಕೂಗಿದ. "ಇದನ್ನು ಹೀಗೇ ನೀರಿಗೆ ಬಿಟ್ಟರೆ ಬದುಕ್ತದಾ?"

ಥಿಯೋಡೋರನಿಗೆ ತಲೆ ಎತ್ತಲೂ ಆಗುತ್ತಿರಲಿಲ್ಲ. ಮಲಗಿದಲ್ಲಿಂದಲೇ ಹೇಳಿದ. "ಹೀಗೇ ಬಿಟ್ಟರೆ ತೇಲ್ತದೆ, ಹಕ್ಕಿ ಕುಕ್ಕಿ ಸಾಯಿಸ್ತದೆ. ಕೆಳಗೆ ಕಳಿಸಬೇಕು. ಆ ಚೀಲಕ್ಕೆ ಚುಚ್ಚಬೇಡಿ. ಗಾಳ ಮೆಲ್ಲ ತೆಗೆಯಿರಿ. ಕ್ರೇಟು ಮಗುಚಿ ಹಿಡಿದು, ಅದರ ಅಡಿಯಲ್ಲಿ ಮೀನನ್ನು ಬಿಡಿ. ಹಗ್ಗ ಸಡಿಲ ಬಿಡಿ. ತೂಕಕ್ಕೆ ಕೆಳಗೆ ಹೋಗ್ತದೆ. ಆಳಕ್ಕೆ ಹೋದ ಹಾಗೆ ಗಾಳಿ ಕುಗ್ಗಿ ಅದೇ ಈಜಿ ಹೊರಗೆ ಬರ್ತದೆ."

"ಎಷ್ಟು ಹೊತ್ತು?"

"ಎರಡು ನಿಮಿಷ."

"ಎರಡು ನಿಮಿಷ ಇಲ್ಲ!" ಸ್ಯಾಮ್ಯುಯೆಲ್ ಎಂಜಿನ್ ಚಾಲೂ ಮಾಡಿದ. ತಣ್ಣಗಿನ ಗಾಳಿಯ ಮೊದಲ ಏಟು ಬಂತು.

"ಇದನ್ನು ಇಲ್ಲಿಗೆ ಎಳೆದವನು ನಾನು ಸ್ಯಾಮ್ಯುಯೆಲ್ ಭಾಯ್. ಎರಡು ನಿಮಿಷ ಕೊಡು" ಎಂದ ಯಜ್ಞೇಶ. ಅವನ ಧ್ವನಿಯಲ್ಲಿ ಏನಿತ್ತೋ, ಸ್ಯಾಮ್ಯುಯೆಲ್ ಜಾಕೆಟ್ಟನ್ನು ಅವನ ಎದೆಗೆ ಎಸೆದು, "ಮೊದಲು ಇದನ್ನು ಹಾಕು" ಎಂದ.

ಜಾಕೆಟ್ ಹಾಕಿಕೊಂಡು ಯಜ್ಞೇಶ ಒದ್ದೆ ಕೈಯಿಂದ ಮೀನಿನ ಬಾಯಿಯ ಗಾಳ ಬಿಡಿಸಿದ. ಎರಡೂ ಕೈಯಲ್ಲಿ ಎತ್ತಿ ನೀರಿಗೆ ಇಳಿಸಿದ. ಲಾಯ್ಡ್ ಒಲ್ಲದ ಮನಸ್ಸಿನಿಂದ ಕ್ರೇಟು ಮಗುಚಿದ. ಅಷ್ಟರಲ್ಲಿ ಒಂದು ತೆರೆ ಬಂದು ಕ್ರೇಟು ವಾಲಿತು. ಮೀನು ಅಡಿಯಿಂದ ಜಾರಿ ತೇಲಿ ದೂರ ಹೋಯಿತು. ಎಲ್ಲಿತ್ತೋ, ಕಡಲಹಕ್ಕಿಯೊಂದು ಎರಗಿ ಅದರ ಬಾಯಿಯ ಚೀಲಕ್ಕೆ ಕುಕ್ಕಿತು.

"ಹೇಯ್!" ಯಜ್ಞೇಶ ಕೈಬಲೆ ಚಾಚಿ ಬಾಗಿದ. ಅರ್ಧ ಮೈ ಹೊರಗೆ. ಲಾಯ್ಡ್ ಅವನ ಸೊಂಟದ ಪಟ್ಟಿ ಹಿಡಿದುಕೊಂಡ. ಮೊದಲ ಸಲ ಬಲೆ ತಾಗಲಿಲ್ಲ. ಎರಡನೇ ಸಲ ಸಿಕ್ಕಿತು. ಮಳೆಯ ದಪ್ಪ ಹನಿ ಬೆನ್ನಿಗೆ ಕಲ್ಲಿನಂತೆ ಬೀಳತೊಡಗಿತು.

"ಗಟ್ಟಿ ಹಿಡಿ ಲಾಯ್ಡ್, ಅಲುಗಾಡಿಸಬೇಡ!"

ಈ ಸಲ ಲಾಯ್ಡ್ ಮೊಣಕೈಯವರೆಗೂ ನೀರಿಗೆ ಇಳಿಸಿ ಕ್ರೇಟು ಹಿಡಿದ. ಮೀನು ಅಡಿಗೆ ಸೇರಿತು. ಹಗ್ಗ ಬಿಟ್ಟರು. ಒಂದು ಮಾರು, ಎರಡು ಮಾರು, ಐದು, ಏಳು. ಹಗ್ಗದಲ್ಲಿ ಯಜ್ಞೇಶನಿಗೆ ಮೀನಿನ ಭಾರ ಗೊತ್ತಾಗುತ್ತಿತ್ತು. ಎಂಟನೆಯ ಮಾರಿಗೆ ಒಂದು ಜಗ್ಗು. ಆಮೇಲೆ ಬರೀ ಕ್ರೇಟಿನ ತೂಕ.

"ಹೋಯ್ತು" ಎಂದ. ಎಳೆದುಕೊಂಡಾಗ ಕ್ರೇಟು ಖಾಲಿ. ನೀರಿನ ಮೇಲೆ ಎಲ್ಲೂ ಏನೂ ತೇಲಲಿಲ್ಲ.

ಇನ್ನು ಲಂಗರು. ಅದು ಕಲ್ಲಿನ ಸಂದಿಗೆ ಸಿಕ್ಕಿತ್ತು. ಎಳೆದಷ್ಟೂ ದೋಣಿಯ ಮೂಗು ಕೆಳಗೆ ಬಾಗಿ ನೀರು ಒಳಗೆ ಬಂತು. ಸುತ್ತ ಮಣ್ಣು ಬೆರೆತ ಮಳೆ, ದಡದ ದಿಕ್ಕೇ ಕಾಣದು. "ಕತ್ತರಿಸು!" ಎಂದು ಸ್ಯಾಮ್ಯುಯೆಲ್ ಅರಚಿದ. ಯಜ್ಞೇಶ ಮೀನು ಸೀಳಿದ ಕತ್ತಿಯಿಂದ ಹಗ್ಗ ಕೊಯ್ದ. ದೋಣಿ ಬುಗುರಿಯಂತೆ ತಿರುಗಿತು.

ಆಮೇಲಿನ ಒಂದು ಗಂಟೆ ಸ್ಯಾಮ್ಯುಯೆಲ್ ಒಂದೊಂದು ತೆರೆಗೂ ದೋಣಿಯ ಮೂಗು ಕೊಟ್ಟು ಹತ್ತಿಸಿ ಇಳಿಸಿದ. ಯಜ್ಞೇಶ ಟಬ್ಬಿನಿಂದ ನೀರು ಎತ್ತಿ ಎತ್ತಿ ಚೆಲ್ಲಿದ. ಲಾಯ್ಡ್ ಒಂದು ಕೈಯಲ್ಲಿ ಥಿಯೋಡೋರನ ಜಾಕೆಟ್ ಹಿಡಿದು, ಇನ್ನೊಂದು ಕೈಯಲ್ಲಿ ಕೊರಳಿನ ಶಿಲುಬೆ ಹಿಡಿದಿದ್ದ. ಒಂದು ತೆರೆ ಇಡೀ ದೋಣಿಯ ಮೇಲೆ ಹಾದುಹೋದಾಗ ಯಜ್ಞೇಶನಿಗೆ ಮಗಳು ಮೋಕ್ಷಾಳ ಮುಖ ಕಣ್ಣೆದುರು ಬಂತು. ನಲವತ್ತು ಜನರ ಊಟ ನೆನಪಿಗೂ ಬರಲಿಲ್ಲ.

ಅಲ್ ವಕ್ರಾದ ದಕ್ಕೆಗೆ ದೋಣಿ ತಾಗಿದಾಗ ಮಳೆ ನಿಂತಿತ್ತು. ಯಜ್ಞೇಶ ಸ್ಯಾಮ್ಯುಯೆಲನ ಎದುರು ನಿಂತು, "ಹತ್ತು ನಿಮಿಷ ಅಂದದ್ದು ನನ್ನ ತಪ್ಪು" ಎಂದ. ಸ್ಯಾಮ್ಯುಯೆಲ್ ತಲೆ ಅಲ್ಲಾಡಿಸಿ ಲಂಗರಿಲ್ಲದ ಹಗ್ಗ ಸುತ್ತತೊಡಗಿದ.

ಮನೆಯಲ್ಲಿ ಅಮಿತಾ ಬಾಗಿಲಲ್ಲೇ ಇದ್ದಳು. ಹದಿನಾಲ್ಕು ಸಲ ಫೋನ್ ಮಾಡಿದ್ದಳಂತೆ. ಗಂಡನನ್ನು ಕಂಡು ಅತ್ತಳು, ಬೈದಳು, ಆಮೇಲೆ ಚೀಲ ನೋಡಿದಳು.

"ಒಂದೇ ಮೀನಾ?"

"ದೊಡ್ಡದು ಸಿಕ್ಕಿತ್ತು. ಬಿಟ್ಟೆ."

"ಬಿಟ್ಟಿರಾ? ಇವತ್ತು ರಾತ್ರಿ ನಲವತ್ತು ಜನಕ್ಕೆ ನಾನು ಎಂತ ಬಡಿಸಲಿ?"

ಯಜ್ಞೇಶ ನಡೆದದ್ದೆಲ್ಲ ಹೇಳಿದ. ಅಮಿತಾ ಆ ಮೀನನ್ನು ಎತ್ತಿ ಸಿಂಕಿನಲ್ಲಿ ಇಟ್ಟು ತೊಳೆಯತೊಡಗಿದಳು. ಹೊಟ್ಟೆಯೊಳಗೆ ಅಂಟಿಕೊಂಡಿದ್ದ ಮೊಟ್ಟೆ ನೀರಿನ ಜೊತೆ ಇಳಿದು ಇಳಿದು ಹೋಯಿತು. ನಲ್ಲಿ ನಿಲ್ಲಿಸಿದಳು. ಅವಳ ತಾಯಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು.

"ನಾನು ಸಣ್ಣವಳಿರುವಾಗ ಅಮ್ಮನ ಬುಟ್ಟಿಯಲ್ಲಿ ಒಂದು ಮೀನು ಒಂದು ಮನೆಗೆ ಸಾಕಾಗ್ತಿತ್ತು" ಎಂದಳು. "ಕೊನೆಕೊನೆಗೆ ಎಲ್ಲ ಬೆರಳುದ್ದದ್ದು. ಜನ ಅಮ್ಮನಿಗೇ ಬೈತಿದ್ದರು. ಅಮ್ಮ ಎಂತ ಮಾಡ್ಲಿಕ್ಕುಂಟು?"

ಹನ್ನೊಂದು ವರ್ಷದ ಮೋಕ್ಷಾ ಬಾಗಿಲ ಸಂದಿಯಿಂದ ಕೇಳಿದಳು. "ಪಪ್ಪಾ, ಆ ಬಿಗ್ ಫಿಶ್ ಸೇಫ್ ಆಗಿ ಮನೆಗೆ ಹೋಯ್ತಾ?"

"ಹೋಯ್ತು ಮಗಾ. ನಾನೂ ಬಂದೆ."

ಅಮಿತಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಅಲ್ ಮನ್ಸೂರಾದಲ್ಲಿ ನಮ್ಮ ಊರಿನವರ ಅಂಗಡಿಯಲ್ಲಿ ಒಣ ರೊಟ್ಟಿ ಉಂಟು. ಹೋಗಿ ಹತ್ತು ಪ್ಯಾಕೆಟ್ ತನ್ನಿ, ಕೋಳಿಯನ್ನೂ ತನ್ನಿ. ಮಸಾಲೆ ಹೇಗೂ ಅರೆದಾಗಿದೆ. ಕೋರಿರೊಟ್ಟಿ ಮಾಡುವಾ. ಯಾರಾದರೂ ಮೀನೆಲ್ಲಿ ಅಂತ ಕೇಳಿದರೆ ನಾನು ಉತ್ತರ ಕೊಡ್ತೇನೆ. ಇನ್ನು ಮೊಟ್ಟೆಯ ಮೀನು ನಮ್ಮ ಮನೆಯ ಬಾಣಲೆಗೆ ಬೇಡ."

ಕೇಳಿಯೇ ಕೇಳಿದರು. ಕೂಟದಲ್ಲಿ ಹಿರಿಯರಾದ ರೋಸಿ ಬಾಯಿ, "ಎಂತ ಯಜ್ಞೇಶ, ನಿನ್ನ ಮುರು ಈಗ ರೆಕ್ಕೆ ಬಂದು ಕೋಳಿ ಆಯ್ತಾ?" ಎಂದಾಗ ಇಡೀ ಹಾಲ್ ನಕ್ಕಿತು. ಯಜ್ಞೇಶನೂ ನಕ್ಕ. ಆಮೇಲೆ ಎದ್ದು ನಿಂತು, ಹನ್ನೊಂದರಿಂದ ಎರಡಕ್ಕೆ ಇಳಿದ ತನ್ನ ಲೆಕ್ಕವನ್ನು ಎಲ್ಲರೆದುರು ಹೇಳಿದ. ಹವಾಮಾನದ ಎಚ್ಚರಿಕೆಯನ್ನು ಅಲ್ಲಗಳೆದದ್ದನ್ನೂ ಮುಚ್ಚಿಡಲಿಲ್ಲ. ನಗು ನಿಂತಿತು. ಗಾಳ ಹಾಕುವ ಅಭ್ಯಾಸವಿದ್ದ ಏಳೆಂಟು ಜನ ಊಟದ ಮೇಲೆ ಥಿಯೋಡೋರನನ್ನು ಸುತ್ತುವರಿದು, ಆ ಕ್ರೇಟಿಗೆ ತೂಕ ಎಲ್ಲಿ ಕಟ್ಟುವುದು ಎಂದು ಕೇಳತೊಡಗಿದರು. ಅವರಿಗೆ ಕಟ್ಟಿ ತೋರಿಸಿದವನು ಲಾಯ್ಡ್.

ಓದುತ್ತಿರುವ, ಕೇಳುತ್ತಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮಲ್ಲೂ ಕಡಲು ಕರೆದರೆ ಹೋಗದೆ ಇರಲಾರದವರು ಇರಬಹುದು. ಹೋಗಿ, ಬೇಡವೆನ್ನುವುದಿಲ್ಲ. ಆದರೆ ಹಮ್ಮೂರ್ ಮೊಟ್ಟೆ ಇಡುವ ಈ ವಸಂತದ ತಿಂಗಳುಗಳಲ್ಲಿ ಅದು ಸೇರುವ ಜಾಗಕ್ಕೆ ಗಾಳ ಇಳಿಸಬೇಡಿ. ಯಾವ ಮೀನಿಗೆ ಯಾವಾಗ ತಡೆ ಇದೆ, ಯಾವುದಕ್ಕೆ ಪರವಾನಿಗೆ ಬೇಕು ಎಂಬುದನ್ನು ಆ ವರ್ಷದ ಸರಕಾರಿ ಸೂಚನೆಯಲ್ಲಿ ನೋಡಿಯೇ ಹೊರಡಿ. ಗೊತ್ತಿಲ್ಲದೆ ಬಸುರಿ ಮೀನು ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು, ಬಂದ ಆಳಕ್ಕೇ ಕಳಿಸಿಕೊಡಿ. ಅಡುಗೆಮನೆಯವರೂ ಅಷ್ಟೇ, ಮೊಟ್ಟೆಯ ಮೀನು ಬೇಕೆಂದು ಕೇಳಬೇಡಿ. ಮೋಡ ಕಂಡರೆ, ದೋಣಿಯವನು ಹೊರಡು ಎಂದರೆ, ಇನ್ನು ಹತ್ತು ನಿಮಿಷ ಎನ್ನಬೇಡಿ. ಜಾಕೆಟ್ ಮೈಮೇಲೆ ಇರಲಿ.

ಹೊಟ್ಟೆಪಾಡಿಗೆ ಬಂದ ನಮ್ಮನ್ನು ಈ ನಾಡಿನ ಕಡಲೂ ಸಾಕುತ್ತದೆ. ಅದು ಹೆರುವಾಗ ಎರಡು ತಿಂಗಳು ನಾವು ದೂರ ನಿಲ್ಲೋಣ.